ಮೂರನೇ ಸ್ಥಾನದ ಪಾಯಿಂಟ್ ಗಾರ್ಡ್

"ಇದೇನ್ರೀ ಗುಮಾಸ್ತರೇ, ನನ್ನನ್ನ ಮೂರನೇ ಸ್ಥಾನಕ್ಕೆ ಹತ್ತಿಸಿಬಿಟ್ಟಿದ್ದೀರಿ?"

ಬುಗುರಿ ಪಟ್ಟಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ನಾನು ಯಾರದೋ ಲೆನ್ಸ್ ಉಜ್ಜುತ್ತಾ ಕೂತಿದ್ದೆ. ಅದು ಕೈಜಾರಿ ತಟ್ಟೆಗೆ ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ.

ಗುಮಾಸ್ತ ಎಂದು ನನಗೆ ಹೆಸರಿಟ್ಟವಳು ಅವಳೇ. ವಾರವೆಲ್ಲ ಕನ್ನಡಕ ಮಾಡುವ ನಾನು ಭಾನುವಾರ ಮಾತ್ರ ನಮ್ಮ ಕ್ಲಬ್ಬಿನ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡದ ಸ್ಕೋರರ್. ಯಾರು ಬ್ಯಾಸ್ಕೆಟ್ ಹಾಕಿದರು, ಯಾರ ಪಾಸ್‌ನಿಂದ ಹಾಕಿದರು, ಎಲ್ಲವನ್ನೂ ಷೀಟಿನಲ್ಲಿ ಬರೆಯುವವನು. ಅವಳು ಅದೇ ತಂಡದಲ್ಲಿ ಹಿಂದೆ ಪಾಯಿಂಟ್ ಗಾರ್ಡ್ ಆಗಿದ್ದವಳು. ಚೆಂಡು ತಂದು, ಬುಗುರಿ ಎಂಬ ಅಡ್ಡಹೆಸರಿಗೆ ತಕ್ಕಂತೆ ಎದುರಾಳಿಗಳ ನಡುವೆ ಗಿರಗಿರನೆ ತಿರುಗಿ, ಕೊನೆಗೆ ಇನ್ನೊಬ್ಬಳ ಕೈಗೆ ಕೊಟ್ಟು ಬ್ಯಾಸ್ಕೆಟ್ ಹಾಕಿಸುವವಳು. ಹಾಗೆ ಹಾಕಿಸಿದ ಪಾಸ್‌ಗೆ ಅಸಿಸ್ಟ್ ಎನ್ನುತ್ತಾರೆ. ಹೆಸರು ಯಾವಾಗಲೂ ಹಾಕಿದವಳಿಗೆ ಹೋಗುತ್ತದೆ. ಹಾಕಿಸಿದವಳಿಗೆ ನನ್ನಂಥ ಗುಮಾಸ್ತನ ಪೆನ್ನೇ ಗತಿ.

ತಂಡಕ್ಕೆ ನಲವತ್ತು ವರ್ಷ ತುಂಬಿತೆಂದು ಸೆಕ್ರೆಟರಿ ನಮ್ಮಿಬ್ಬರಿಗೆ ಒಂದು ಕೆಲಸ ಹಚ್ಚಿದ್ದರು. ಇಲ್ಲಿಯವರೆಗಿನ ಪಾಯಿಂಟ್ ಗಾರ್ಡ್‌ಗಳಲ್ಲಿ ಅತ್ಯುತ್ತಮ ಐವರನ್ನು ಕ್ರಮವಾಗಿ ಆರಿಸಬೇಕು. ಕ್ಲಬ್ಬಿನ ಹಾಲ್‌ನ ಗೋಡೆಗೆ ಬೋರ್ಡು ಬರೆಸುತ್ತಾರೆ. ಪಟ್ಟಿ ನನ್ನದು, ಪರಿಶೀಲನೆ ಅವಳದು.

ಮೊದಲ ಸ್ಥಾನ ಟೀಚರಮ್ಮನದು, ಅದರಲ್ಲಿ ಎರಡು ಮಾತಿಲ್ಲ. ಕ್ಯಾನ್ವಾಸ್ ಶೂ ಹಾಕಿಕೊಂಡು ಸಿಮೆಂಟ್ ನೆಲದಲ್ಲಿ ಹದಿಮೂರು ವರ್ಷ ಆಡಿದವರು. ಎರಡನೆಯವರು ನರ್ಸಕ್ಕ. ಡ್ಯೂಟಿ ಮುಗಿಸಿ ನೇರ ಕೋರ್ಟಿಗೆ ಬರುತ್ತಿದ್ದರು, ಕಣ್ಣು ಒಂದು ಕಡೆ ಇದ್ದರೆ ಪಾಸ್ ಇನ್ನೊಂದು ಕಡೆ. ರಿಜಿಸ್ಟರಿನ ಅಸಿಸ್ಟ್ ಲೆಕ್ಕದ ಪ್ರಕಾರ ಮೂರನೆಯವಳು ಜಡೆ, ಬುಗುರಿಯ ಜೊತೆಗೇ ಆಡಿದ ಗೆಳತಿ. ಬುಗುರಿ ಆರನೆಯವಳು. ನಾನು ಅವರಿಬ್ಬರನ್ನೂ ಅದಲುಬದಲು ಮಾಡಿದ್ದೆ.

"ಮೂರು ಸಲ ಕೂಡಿಸಿ ನೋಡಿದೆ. ಫೈನಲ್ ಮ್ಯಾಚಿಗೆ ಎರಡರಷ್ಟು ತೂಕ ಕೊಟ್ರೂ ನಾನು ಆರನೆಯವಳೇ. ಅಂಚೆ ಆಫೀಸಲ್ಲಿ ದಿನಕ್ಕೆ ಸಾವಿರ ಕಾಗದ ವಿಂಗಡಿಸ್ತೀನಿ ನಾನು, ನನ್ನ ಹತ್ರ ಆಟ ಆಡ್ತೀರಾ?"

ಅವಳು ಕಣ್ಣು ಪರೀಕ್ಷೆಯ ಸ್ಟೂಲಿನ ಮೇಲೆ ಕೂತು, ಕಾಲು ನೆಲಕ್ಕೆ ಒತ್ತಿ ಅರ್ಧ ಸುತ್ತು ತಿರುಗಿದಳು. ಮತ್ತೆ ನನ್ನ ಕಡೆ ತಿರುಗುವಷ್ಟರಲ್ಲಿ ಕೋಪ ಕರಗಿ, ತುಟಿಯಂಚಿನಲ್ಲಿ ಏನೋ ತುಂಟತನ ಬಂದಿತ್ತು.

"ಯಾಕೆ ಹಾಕಿದ್ರಿ ಅಂತ ನಂಗೊತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ಏನು ಗೊತ್ತು?" ಎಂದೆ.

"ಭಾನುವಾರ ಮ್ಯಾಚು ಬಿಟ್ಟು ಗ್ಯಾಲರಿ ಕಡೆ ನೋಡ್ತಾ ಕೂತಿರ್ತೀರಲ್ಲ, ನಾನೇನು ಕುರುಡಿನಾ? ಅತ್ತಿಗೆ ಒಂದು ವರ್ಷದಿಂದ ಹೇಳ್ತಾನೇ ಇದ್ದಾರೆ, 'ಆ ಕನ್ನಡಕದವನು ಈ ಜನ್ಮದಲ್ಲಿ ಬಾಯಿ ಬಿಡಲ್ಲ, ನೀನೇ ಕೇಳು' ಅಂತ." ಅವಳ ಕಿವಿ ಕೆಂಪಾಗಿತ್ತು. "ಪ್ರೀತಿ ಇದ್ರೆ ನನಗೆ ಹೇಳಬೇಕು ರೀ. ಅದನ್ನ ತಗೊಂಡು ಹೋಗಿ ಬೋರ್ಡ್ ಮೇಲೆ ಬರೆದ್ರೆ ಹೇಗೆ? ಪಾಪ ಜಡೆ ಏನು ಮಾಡಿದ್ಲು?"

ಹೂಂ ಎಂದುಬಿಟ್ಟಿದ್ದರೆ ಮುಗಿದಿತ್ತು. ಅವಳು ನಗುತ್ತಾ ತನ್ನ ಹೆಸರು ಹೊಡೆದುಹಾಕಿ ಜಡೆಯನ್ನು ಮೇಲಕ್ಕೆ ತರುತ್ತಿದ್ದಳು. ಸಂಜೆ ಒಟ್ಟಿಗೆ ಟೀ ಕುಡಿಯುತ್ತಿದ್ದೆವು. ಏಳು ವರ್ಷ ಕನಸಿನಲ್ಲಿ ಕೇಳಿಸಿಕೊಂಡ ಮಾತು ತಾನೇ ನಡೆದು ಅಂಗಡಿಗೆ ಬಂದಿತ್ತು, ಬರಮಾಡಿಕೊಳ್ಳಲು ನನಗೆ ಮುಖವಿರಲಿಲ್ಲ.

"ಪ್ರೀತಿ ಇದೆ," ಎಂದೆ. "ಆದ್ರೆ ಹೆಸರು ಹಾಕಿದ್ದು ಅದಕ್ಕಲ್ಲ."

"ಮತ್ತೆ ದಯೆಗಾ? ಅದು ಇನ್ನೂ ಕೆಟ್ಟದ್ದು." ಅವಳು ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದಳು. "ನಿಮಗೊಂದು ಮಾತು ಹೇಳ್ಲಾ? ಏಳು ವರ್ಷದ ಹಿಂದೆ ನಾನಾಡಿದ ಆ ಕೊನೇ ಫೈನಲ್ ಇತ್ತಲ್ಲ, ಅವತ್ತು ನಾನು ಬಹಳ ಚೆನ್ನಾಗಿ ಆಡ್ದೆ ಅಂದ್ಕೊಂಡಿದ್ದೆ. ರಾಜ್ಯ ತಂಡಕ್ಕೆ ಕರೀತಾರೆ ಅಂತ ಬ್ಯಾಗು ಕೂಡ ಜೋಡಿಸಿಟ್ಟಿದ್ದೆ. ಆಮೇಲೆ ನೋಡಿದ್ರೆ ನಾಲ್ಕೇ ನಾಲ್ಕು ಅಸಿಸ್ಟ್. ಅಣ್ಣ ಹೇಳ್ದ, ಆಡೋರಿಗೆ ಹಾಗೇ ಅನ್ಸುತ್ತೆ ಕಣೇ, ಲೆಕ್ಕ ಸುಳ್ಳು ಹೇಳಲ್ಲ ಅಂತ. ಅವತ್ತಿಂದ ನಾನು ನನ್ನ ನೆನಪನ್ನೇ ನಂಬಲ್ಲ. ಆಡೋದೂ ಬಿಟ್ಟೆ. ನಿಮ್ಮ ಷೀಟನ್ನ ಮಾತ್ರ ನಂಬ್ತೀನಿ."

ಇದಕ್ಕಿಂತ ಅವಳು ಕೆನ್ನೆಗೆ ಹೊಡೆದಿದ್ದರೆ ಸುಖವಾಗಿರುತ್ತಿತ್ತು.

"ನಾಲ್ಕಲ್ಲ," ಎಂದೆ. "ಹದಿನೈದು."

ಅತ್ತಿತ್ತ ತಿರುಗುತ್ತಿದ್ದ ಸ್ಟೂಲು ನಿಂತಿತು.

"ಅವತ್ತು ಅರ್ಧ ಆಟಕ್ಕೆ ನಿಮ್ಮ ಮೂಗಿಗೆ ಏಟು ಬಿದ್ದು ಜರ್ಸಿ ಮೇಲೆಲ್ಲ ರಕ್ತ ಆಯ್ತು. ರಕ್ತ ಇರೋ ಜರ್ಸಿ ಹಾಕ್ಕೊಂಡು ಆಡೋ ಹಾಗಿಲ್ಲ. ಜಡೆ ಕಾಲು ಉಳುಕಿ ಕೂತಿದ್ಲು, ಅವಳ ಹನ್ನೆರಡನೇ ನಂಬರ್ ಹಾಕ್ಕೊಂಡು ನೀವು ಇಳಿದ್ರಿ. ನಂಬರ್ ಬದಲಾಗಿದೆ ಅಂತ ರೆಫರಿ ಬಂದು ನಿಮ್ಮೆದುರೇ ನನಗೆ ಹೇಳಿದ್ರು. ನಾನು ತಲೆ ಆಡಿಸ್ದೆ. ಬರ್ಕೊಳ್ಳಲಿಲ್ಲ."

"ಯಾಕೆ?"

"ನೀವು ಮೂಗಿಗೆ ಹತ್ತಿ ತುರುಕ್ಕೊಂಡು, ನನ್ನ ಮೇಜಿನ ಮುಂದೇನೇ ನಿಂತು ಶೂ ಲೇಸ್ ಕಟ್ತಾ ನಕ್ಕಿದ್ರಿ. ನಾನು ಅದನ್ನ ನೋಡ್ತಾ ಇದ್ದೆ. ಆಮೇಲೆ ಅಭ್ಯಾಸದಲ್ಲಿ ಬೆನ್ನಿನ ನಂಬರ್ ನೋಡಿ ಬರೀತಾ ಹೋದೆ. ಹನ್ನೊಂದು ಅಸಿಸ್ಟ್, ಅಷ್ಟೂ ಜಡೆ ಹೆಸರಿಗೆ. ಕೋಚು ಗೆದ್ದ ಖುಷಿಯಲ್ಲಿ ಓದದೇ ಸಹಿ ಹಾಕಿದ್ರು. ಆಯ್ಕೆಯವರು ಷೀಟ್ ನೋಡಿ ಜಡೇನ ಕರೆದ್ರು."

"ನಿಮಗೆ ಯಾವಾಗ ಗೊತ್ತಾಯ್ತು?"

ಈ ಪ್ರಶ್ನೆ ಬರುತ್ತದೆಂದು ಏಳು ವರ್ಷದಿಂದ ಗೊತ್ತಿತ್ತು. "ಮಾರನೇ ದಿನವೇ. ರಿಜಿಸ್ಟರಿಗೆ ಇಳಿಸುವಾಗ."

ತಪ್ಪು ಯಾರಾದರೂ ಮಾಡುತ್ತಾರೆ. ನನ್ನ ಪಾಪ ಆ ಮಾರನೆಯ ದಿನದ್ದು. ಹೇಳಿದ್ದರೆ ಸ್ಕೋರರ್ ಲೈಸೆನ್ಸ್ ಹೋಗುತ್ತಿತ್ತು, ಮೊದಲ ವರ್ಷದಲ್ಲೇ ಮಾನ ಹೋಗುತ್ತಿತ್ತು. ನಾಳೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ತಂಡದ ಆಯ್ಕೆ ಮುಗಿಯಿತು. ಇನ್ನು ಹೇಳಿ ಏನು ಉಪಯೋಗ ಎಂದುಕೊಂಡೆ. ಆಮೇಲೆ ಅವಳು ಗ್ಯಾಲರಿಯಲ್ಲಿ ಕೂರತೊಡಗಿದಳು, ನನ್ನನ್ನು ಮಾತಾಡಿಸತೊಡಗಿದಳು, ಬಿಸಿತುಪ್ಪ ಉಗುಳುವುದು ಇನ್ನೂ ಕಷ್ಟವಾಯಿತು. ಈ ಸಲ ಅವಳನ್ನು ಆರನೆಯವಳು ಎಂದು ಬರೆಯಲು ಕೈ ಬರಲಿಲ್ಲ, ಅಷ್ಟೇ.

ಅವಳು ಮೆಲ್ಲಗೆ, ಬೆರಳು ಮಡಚುತ್ತಾ, ತನ್ನಷ್ಟಕ್ಕೇ ಎಣಿಸತೊಡಗಿದಳು. "ಮೂಲೆಯಿಂದ ಎರಡು... ತಲೆ ಮೇಲಿಂದ ಒಂದು... ನೆಲಕ್ಕೆ ಪುಟಿಸಿ ಕೊಟ್ಟದ್ದು ಮೂರು..." ಹನ್ನೊಂದಕ್ಕೆ ನಿಲ್ಲಿಸಿದಳು. ಕಣ್ಣು ತುಂಬಿತ್ತು, ಮುಖದಲ್ಲಿ ನಗು ಇತ್ತು. "ನನಗೆ ಸರಿಯಾಗೇ ನೆನಪಿತ್ತು," ಎಂದಳು.

ನಗು ಅಲ್ಲಿಗೇ ಆರಿತು. ಪಟ್ಟಿಯನ್ನು ನನ್ನ ಕಡೆ ತಳ್ಳಿದಳು.

"ಮೂರನೇ ಸ್ಥಾನ ನಂದೇ. ಹೊಡೆದು ಹಾಕಲ್ಲ. ಯಾಕೆ ನಂದು ಅಂತ ಎಲ್ಲರ ಮುಂದೆ ನೀವೇ ಹೇಳ್ಬೇಕು. ಜಡೆಗೆ ನಾನು ಫೋನ್ ಮಾಡ್ತೀನಿ." ಬಾಗಿಲಲ್ಲಿ ನಿಂತು, ತಿರುಗದೆಯೇ ಕೇಳಿದಳು: "ಪ್ರೀತಿ ಇದೆ ಅಂದ್ರಲ್ಲ, ಅದು ಅವತ್ತೂ ಇತ್ತಾ?"

"ಇತ್ತು."

"ಆದ್ರೂ ಹೇಳಲಿಲ್ಲ." ಬಾಗಿಲು ಮುಚ್ಚಿತು.

ಭಾನುವಾರ ಹಾಲ್‌ನಲ್ಲಿ ಎಲ್ಲರ ಮುಂದೆ ಹೇಳಿದೆ. ಟೀಚರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಅದು ನಾನೇ ಮಾಡಿಕೊಟ್ಟ ಕನ್ನಡಕ. ಸೆಕ್ರೆಟರಿ ಲೈಸೆನ್ಸ್ ಕಾರ್ಡು ಕೇಳಿದರು, ಕೊಟ್ಟೆ. ಜಡೆ ಫೋನಿನಲ್ಲಿ ಅತ್ತಳಂತೆ, ಬೋರ್ಡಿನ ಮೂರನೇ ಸ್ಥಾನ ತನಗೆ ಬೇಡವೇ ಬೇಡ ಎಂದಳಂತೆ. ಒಬ್ಬನ ತಪ್ಪು ಎಷ್ಟು ಮನೆಗೆ ಹೋಗುತ್ತದೆ ನೋಡಿ.

ಮುಂದಿನ ಭಾನುವಾರ ನನ್ನ ಮೇಜಿನಲ್ಲಿ ಬೇರೆ ಯಾರೋ ಬರೆಯುತ್ತಿದ್ದರು. ನಾನು ಮೊದಲ ಸಲ ಗ್ಯಾಲರಿ ಹತ್ತಿದೆ. ಬುಗುರಿ ಅಲ್ಲೇ ಇದ್ದಳು. ಎರಡು ಸೀಟು ಬಿಟ್ಟು ಕೂತೆ.

ಎರಡನೇ ಕ್ವಾರ್ಟರ್ ಮುಗಿಯಿತು. ನಾನೇ ಕೇಳಿದೆ: "ನನ್ನನ್ನ ಕ್ಷಮಿಸ್ತೀರಾ?"

"ಇಲ್ಲ," ಎಂದಳು, ಕೋರ್ಟನ್ನೇ ನೋಡುತ್ತಾ. "ಏಳು ವರ್ಷ ನಾನು ಆಟಕ್ಕೆ ಸಾಲದವಳು ಅಂದ್ಕೊಂಡು ಬದುಕಿದೀನಿ. ಒಂದು ವಾರಕ್ಕೆ ಕ್ಷಮಿಸೋಕೆ ಬರಲ್ಲ ನನಗೆ."

ಎದ್ದೆ. ಅದೇ ನ್ಯಾಯ ಎನಿಸಿತು.

"ಎಲ್ಲಿಗೆ?"

"ಇಲ್ಲ ಅಂದ್ರಲ್ಲ."

"ಈ ವಾರ ಇಲ್ಲ ಅಂದೆ." ಅವಳು ಮೊದಲ ಬಾರಿ ನನ್ನ ಕಡೆ ತಿರುಗಿದಳು. ಕಣ್ಣಿನಲ್ಲಿ ನೋವು ಹಾಗೇ ಇತ್ತು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. "ಮುಂದಿನ ವಾರ ಬಂದು ಮತ್ತೆ ಕೇಳು. ಅದರ ಮುಂದಿನ ವಾರನೂ ಕೇಳು. ಒಂದು ಭಾನುವಾರ ತಪ್ಪಿಸಿದ್ರೂ ಜನ್ಮದಲ್ಲಿ ಮಾತಾಡಲ್ಲ ನಾನು."

ನಾನು ಕೂತೆ. ಕೆಳಗೆ ಮೂರನೇ ಕ್ವಾರ್ಟರ್ ಶುರುವಾಯಿತು.