ಅವರು ನಿಮಗೇನಾಗಬೇಕು?

ಸೋದರಮಾವ ಫೋನಿನಲ್ಲಿ ಬಹಳ ಹೊತ್ತು ಅವಳ ಆರೋಗ್ಯ ವಿಚಾರಿಸಿದರು. ಆಗಲೇ ಅವಳಿಗೆ ಏನೋ ಕೆಟ್ಟ ಸುದ್ದಿ ಇದೆ ಅನ್ನಿಸಿತು. ಮಾವ ಯಾರ ಆರೋಗ್ಯವನ್ನೂ ವಿಚಾರಿಸುವ ಪೈಕಿ ಅಲ್ಲ.

“ನೋಡಮ್ಮ, ನಿನ್ನ ವೀಸಾಕ್ಕೆ ತೋರಿಸೋಣ ಅಂತ ಇಟ್ಟಿದ್ದ ದುಡ್ಡಿತ್ತಲ್ಲ, ಅದೂ... ಒಂದು ಫ್ಲ್ಯಾಟು ಕೈಗೆ ಬಂತು. ಅಡ್ವಾನ್ಸ್ ಕೊಟ್ಟುಬಿಟ್ಟೆ. ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ನೋಡೋಣ.”

“ಆಗಲಿ ಮಾವ,” ಅಂದಳು.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಪೂರ್ತಿ ಕುರುಡಲ್ಲದ, ಆದರೆ ಯಾವ ಕನ್ನಡಕವೂ ಹೊಂದದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಇರುವಷ್ಟು ದೃಷ್ಟಿಯಲ್ಲೇ ಓದುವುದನ್ನು ಅವರಿಗೆ ಹೇಗೆ ಕಲಿಸಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ. “ಇಲ್ಲಿ ಏನೂ ಮಾಡಕ್ಕಾಗಲ್ಲಮ್ಮ” ಎಂದು ತಾಯಂದಿರಿಗೆ ಹೇಳಿ ಹೇಳಿ ಸಾಕಾಗಿತ್ತು. ಅದನ್ನೇ ಕಲಿಯಲು ಹೊರದೇಶದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಈಗ ಅಲ್ಲಿನ ಖರ್ಚಿಗೆ ಸಾಕಾಗುವಷ್ಟು ದುಡ್ಡು ಇದೆಯೆಂದು ತೋರಿಸಬೇಕಿತ್ತು, ಅಷ್ಟೇ. ಆ ಅಷ್ಟೇ ಅನ್ನುವುದು ಅವಳಿಗೂ ಅಮ್ಮನಿಗೂ ಆಕಾಶದಷ್ಟು ಎತ್ತರವಾಗಿತ್ತು.

“ಡಾಕ್ಟ್ರೇ, ಆಗಿಂದ ಆ ಅಜ್ಜನಿಗೆ ಒಂದೇ ಸಾಲು ಓದಿಸ್ತಾ ಇದೀರಿ. ಅವರಿಗೆ ಬಾಯಿಪಾಠ ಆಗಿದೆ.”

ಹಿಂದಿನ ಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ. ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವನು. ಅಂಗಡಿಯವರೆಲ್ಲ ಅವನನ್ನು ಸ್ಕ್ರೂ ಅಂತಲೇ ಕರೆಯುತ್ತಿದ್ದರು. ಅವನ ಜೇಬಿನಲ್ಲಿ, ಕಾಲರಿನಲ್ಲಿ, ಒಮ್ಮೆ ಊಟದ ಡಬ್ಬಿಯಲ್ಲೂ ಕನ್ನಡಕದ ಸ್ಕ್ರೂ ಸಿಕ್ಕಿತ್ತು. ಅವಳು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಅವನು ಡಾಕ್ಟ್ರೇ ಅನ್ನುವುದನ್ನು ಬಿಟ್ಟಿರಲಿಲ್ಲ.

ಅಜ್ಜ ಹೋದ ಮೇಲೆ ಅವಳು ಎಲ್ಲ ಹೇಳಿದಳು. ಅವನು ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

“ನನ್ನ ಹತ್ರ ಇದೆ,” ಅಂದ.

“ಏನಿದೆ?”

“ದುಡ್ಡು. ಅಪ್ಪನ ಮನೆ ಮಾರಿದಾಗ ಅಣ್ಣ ನನ್ನ ಪಾಲು ಕೊಟ್ನಲ್ಲ. ಅಂಗಡಿ ಇಡೋಣ ಅಂತ ಇಟ್ಕೊಂಡಿದ್ದೆ. ತೋರಿಸೋಕೆ ತಾನೆ? ತೋರಿಸಿ. ಸವೆದು ಹೋಗಲ್ಲ.”

ಅವಳು ಅವನನ್ನೇ ನೋಡಿದಳು. ದಿನವಿಡೀ ಬೇರೆಯವರ ಕಣ್ಣೊಳಗೆ ಇಣುಕುವವಳಿಗೆ ಅವನ ಕಣ್ಣನ್ನು ಎರಡು ಕ್ಷಣಕ್ಕಿಂತ ಹೆಚ್ಚು ನೋಡಲಾಗಲಿಲ್ಲ. ಅವನೂ ಅಷ್ಟೇ, ತಟ್ಟನೆ ಬಗ್ಗಿ, ಬೀಳದೇ ಇದ್ದ ಸ್ಕ್ರೂ ಒಂದನ್ನು ನೆಲದಲ್ಲಿ ಹುಡುಕತೊಡಗಿದ.

ವೀಸಾ ಏಜೆಂಟ್ ತಲೆ ಅಲ್ಲಾಡಿಸಿದ. “ಸ್ನೇಹಿತರ ದುಡ್ಡು ನಡೆಯಲ್ಲ ಮೇಡಂ. ಅಪ್ಪ, ಅಮ್ಮ, ಇಲ್ಲ ಗಂಡ.”

ಇಬ್ಬರೂ ಮೆಟ್ಟಿಲಿಳಿದು ಬಂದರು. ರಸ್ತೆಯಲ್ಲಿ ಅವಳು ನಿಂತೇಬಿಟ್ಟಳು.

“ಹಾಗಾದ್ರೆ ಮದುವೆ ಆಗಿಬಿಡೋಣ. ರಿಜಿಸ್ಟರ್ ಆಫೀಸಲ್ಲಿ. ಬರೀ ಕಾಗದಕ್ಕೆ.”

ಅವನ ಮುಖ ಕಪ್ಪಿಟ್ಟಿತು. “ದುಡ್ಡು ಬೇಕಾದ್ರೆ ತಗೊಳ್ಳಿ. ಅದೊಂದು ಆಗಲ್ಲ.”

“ಯಾಕೆ? ನಾನೇನು ನಿಮ್ಮ ಕೊರಳಿಗೆ ಗಂಟು ಬೀಳ್ತೀನಾ? ಆಮೇಲೆ ಡೈವೋರ್ಸ್ ತಗೊಂಡ್ರಾಯ್ತು.”

“ಅದಕ್ಕೇ ಆಗಲ್ಲ,” ಎಂದು ಅವನು ಸರಸರನೆ ನಡೆದುಹೋದ. ತನ್ನನ್ನು ಹೊರೆ ಎಂದುಕೊಂಡ ಅಂತ ಅವಳು ಆ ದಿನವೆಲ್ಲ ಕುದ್ದಳು.

ಕೊನೆಗೆ ಏಜೆಂಟನೇ ಇಬ್ಬರನ್ನೂ ಮತ್ತೆ ಕರೆಸಿ ದಾರಿ ಹೇಳಿದ. ದುಡ್ಡು ಅಮ್ಮನ ಖಾತೆಗೆ ಉಡುಗೊರೆಯಾಗಿ ಬರಲಿ, ಒಂದು ತಿಂಗಳು ಅಲುಗಾಡದೆ ಕೂತಿರಲಿ. ಕೊಟ್ಟವರು ಯಾರು ಅಂತ ಕೇಳಿದರೆ, “ದೊಡ್ಡಪ್ಪನ ಮಗ, ಅಣ್ಣ ಆಗಬೇಕು ಅಂದುಬಿಡಿ. ಯಾರು ಪತ್ತೆ ಹಚ್ತಾರೆ?”

ಅವಳು ತುಟಿ ಕಚ್ಚಿಕೊಂಡಳು. ಅವನು ಕೆಮ್ಮಿದ.

ಆ ತಿಂಗಳು ದುಡ್ಡು ಕೂತಿತ್ತು; ಅವರಿಬ್ಬರು ಕೂರಲಾರದೆ ಒದ್ದಾಡಿದರು. ಸಂಜೆ ಅವನು ಅವಳನ್ನು ಬಸ್‌ಸ್ಟಾಪಿನ ತನಕ ಬಿಡಲು ಬರುತ್ತಿದ್ದ. ಬಸ್ಸು ಬಂದರೂ, “ಇದು ರಶ್ ಇದೆ, ಮುಂದಿನದಕ್ಕೆ ಹೋಗಿ,” ಅನ್ನುತ್ತಿದ್ದ. ಬಸ್ಸು ಖಾಲಿ ಇರುತ್ತಿತ್ತು. ಅವಳು ಹೌದು ರಶ್ ಇದೆ ಅನ್ನುತ್ತಿದ್ದಳು. ಯಾವಾಗ ನೀವು ಹೋಗಿ ನೀನು ಬಂತೋ ಇಬ್ಬರಿಗೂ ತಿಳಿಯಲಿಲ್ಲ. ಒಂದೊಂದು ದಿನ ಕಳೆದ ಹಾಗೆಲ್ಲ ಅವಳು ಹೋಗುವುದು ಹತ್ತಿರವಾಗುತ್ತಿತ್ತು.

ಒಂದು ದಿನ ಅವನು ತನ್ನ ಅಂಗಡಿಗೆಂದು ಗೊತ್ತುಮಾಡಿಕೊಂಡಿದ್ದ ಮೂಲೆಯ ಮಳಿಗೆಯಲ್ಲಿ ಬೇರೆ ಯಾರೋ ಮೊಬೈಲ್ ಅಂಗಡಿ ತೆರೆದಿದ್ದು ಅವಳ ಕಣ್ಣಿಗೆ ಬಿತ್ತು.

“ನಿನ್ನ ಜಾಗ ಹೋಯ್ತಲ್ಲೋ.”

“ಹೋದ್ರೆ ಹೋಗ್ಲಿ. ಅಲ್ಲಿ ಬಿಸಿಲು ಜಾಸ್ತಿ.”

ಓನರ್ ಅಡ್ವಾನ್ಸ್ ಕೇಳಿದಾಗ ಅವನ ದುಡ್ಡು ಅಮ್ಮನ ಖಾತೆಯಲ್ಲಿತ್ತು. ಅವಳು ರಸ್ತೆಯಲ್ಲೇ ಅವನ ತೋಳು ಹಿಡಿದುಕೊಂಡಳು. ಅವನು ತೋಳು ಬಿಡಿಸಿಕೊಳ್ಳಲಿಲ್ಲ.

ಇಂಟರ್‌ವ್ಯೂ ದಿನ ಅವನೂ ಜೊತೆಗೆ ಬಂದು ಹೊರಗಿನ ಫುಟ್‌ಪಾತಿನಲ್ಲಿ ನಿಂತ. ಒಳಗೆ ಗಾಜಿನಾಚೆ ಕೂತಿದ್ದ ಅಧಿಕಾರಿ ಕಾಗದಗಳನ್ನು ತಿರುವಿದರು. ಕೋರ್ಸಿನ ಬಗ್ಗೆ ಕೇಳಿದರು. ಅವಳು ಚೆನ್ನಾಗಿ ಹೇಳಿದಳು. ಅಧಿಕಾರಿ ತಲೆದೂಗಿದರು ಕೂಡ. ಆಮೇಲೆ ಬ್ಯಾಂಕಿನ ಹಾಳೆಯ ಮೇಲೆ ಬೆರಳಿಟ್ಟರು.

“ಇಷ್ಟು ದೊಡ್ಡ ಮೊತ್ತ ಒಂದೇ ಸಲಕ್ಕೆ ಬಂದಿದೆ. ಕೊಟ್ಟವರು ನಿಮಗೇನಾಗಬೇಕು?”

ಅಣ್ಣ. ಎರಡಕ್ಷರ. ನಾಲಿಗೆಯ ತುದಿಗೆ ಬಂದು ಕೂತಿತ್ತು. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೇ ಬಂದಿದ್ದಳು. ಹೊರಗೆ ಫುಟ್‌ಪಾತಿನಲ್ಲಿ ನಿಂತವನು ನೆನಪಾದ.

“ಇನ್ನೂ ಏನೂ ಆಗಿಲ್ಲ,” ಅಂದಳು. “ನಾನು ಮದುವೆ ಆಗಬೇಕು ಅಂದ್ಕೊಂಡಿರೋ ಹುಡುಗ.”

“ಅಂದರೆ ಈ ದುಡ್ಡು ವಾಪಸ್ ಕೊಡಬೇಕಾದ್ದು.”

ಅವಳು ಸುಮ್ಮನಿದ್ದಳು. ಅಧಿಕಾರಿ ಸುಮ್ಮನಿರುವುದನ್ನೂ ಬರೆದುಕೊಂಡಂತೆ ಕಂಡಿತು. ನಿಮ್ಮ ಓದಿಗೆ ಸಾಕಷ್ಟು ಹಣವಿದೆ ಎಂದು ನಮಗೆ ಮನವರಿಕೆಯಾಗಿಲ್ಲ ಎಂದು ಹೇಳಿ ಪಾಸ್‌ಪೋರ್ಟ್ ಹಿಂದಿರುಗಿಸಿದರು.

ಹೊರಗೆ ಅವಳ ಮುಖ ನೋಡಿದ್ದೇ ಅವನಿಗೆ ಗೊತ್ತಾಯಿತು. ಅಲ್ಲೇ ಒಂದು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ. ಅವಳು ಮೊದಲು ಅಳಲಿಲ್ಲ. ಕಾಲೇಜು ಸೀಟನ್ನು ಬೇರೆಯವರಿಗೆ ಕೊಡುತ್ತದೆ ಅಂದಳು, ಅಮ್ಮನಿಗೆ ಏನು ಹೇಳಲಿ ಅಂದಳು, ನಾಳೆಯಿಂದ ಮತ್ತೆ ಅದೇ ಮಕ್ಕಳಿಗೆ ಅದೇ ಮಾತು ಹೇಳಬೇಕು ಅಂದಳು. ಆಗ ಅಳು ಬಂತು.

“ಅಣ್ಣ ಅನ್ನೋದಕ್ಕೇನಾಗಿತ್ತೇ?” ಅವನ ದನಿಯೂ ಒಡೆದಿತ್ತು. “ಒಂದು ಮಾತು. ನಾನೇನು ಒಳಗೆ ಬಂದು ಕೇಳಿಸಿಕೊಳ್ತಿದ್ನಾ?”

“ಬಾಯಿ ಬರಲಿಲ್ಲ.”

“ಏನಂದೆ ಮತ್ತೆ?”

ಹೇಳಿದಳು.

“ನನಗೂ ಹೇಳಿರಲಿಲ್ಲ ನೀನು,” ಅಂದ. “ಅವತ್ತು ಬರೀ ಕಾಗದಕ್ಕೆ ಅಂದಾಗ ಎಷ್ಟು ನೋವಾಯ್ತು ಗೊತ್ತಾ? ಎರಡು ವರ್ಷದಿಂದ ಕೇಳಬೇಕು ಕೇಳಬೇಕು ಅಂತಿದ್ದವನು ನಾನು.”

“ಈಗ ಕೇಳು.”

“ಬೇಡ. ಇವತ್ತು ನಿನಗೆ ಎಲ್ಲ ಹೋಗಿದೆ. ಇವತ್ತು ಕೇಳಿದ್ರೆ, ಬೇರೆ ದಾರಿ ಇಲ್ಲ ಅಂತ ಹೂಂ ಅಂದೆಯೋ ಏನೋ ಅಂತ ನಾನು ಸಾಯೋವರೆಗೂ ಅಂದ್ಕೋತೀನಿ.”

“ಮತ್ತೆ ಯಾವಾಗ?”

“ಈ ದುಃಖ ಸ್ವಲ್ಪ ಇಳೀಲಿ.”

“ಇಳೀದೇ ಇದ್ರೆ?”

ಅವನು ಅವಳ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು ಕೂತ. ಜನ ನೋಡುತ್ತ ಹೋದರು. ಬಿಸಿಲು ಕಟ್ಟೆಯ ಮೇಲಿಂದ ಸರಿದರೂ ಇಬ್ಬರೂ ಏಳಲಿಲ್ಲ.