ತೋಳದ ಮಣಿಸರ

ಹಗಲಲ್ಲೂ ನಕ್ಷತ್ರ ಕಾಣುತ್ತಿದ್ದ ಕಾಲ. ಆಗ ಶಂಖಪುರಿ ಎಂಬ ರಾಜ್ಯವಿತ್ತು. ಪ್ರತಿ ಜೀವದ ಒಡಲಲ್ಲೂ ನಾಲ್ಕು ಬಣ್ಣದ ಮಣಿಗಳ ಉದ್ದನೆಯ ಸರವಿದೆಯೆಂದು ಅಲ್ಲಿನ ಜನಕ್ಕೆ ಗೊತ್ತಿತ್ತು. ಆ ಸರದಲ್ಲಿ ಮಣಿಗಳ ಒಂದು ಸಾಲು ಕಣ್ಣಿಗೆ ನೋಟ ಕೊಡುತ್ತಿತ್ತು, ಇನ್ನೊಂದು ಸಾಲು ಗಾಯ ಮಾಗಿಸುತ್ತಿತ್ತು.

ಕರಾಳದಂತನೆಂಬ ಮಾಂತ್ರಿಕ ಆ ರಾಜ್ಯವನ್ನು ತನಗೆ ಕೊಡೆಂದ. ರಾಜ ಕೊಡಲಿಲ್ಲ. ಮಾಂತ್ರಿಕ ಸಿಟ್ಟಿನಿಂದ ಶಂಖಪುರಿಯ ಎಲ್ಲರ ಸರದಿಂದಲೂ ಗಾಯ ಮಾಗಿಸುವ ಸಾಲನ್ನು ಕಿತ್ತುಹಾಕಿದ. ಆಮೇಲೆ ತನ್ನ ಮಾಯಾತೋಳವನ್ನು ಛೂ ಬಿಟ್ಟ. ತೋಳ ಯುವರಾಜ ರತ್ನಕೇತುವಿನ ತೊಡೆಗೆ ಬಾಯಿ ಹಾಕಿತು. ಗಾಯ ಮಾಗಲೇ ಇಲ್ಲ.

ತಂಗಿ ಹೇಮಾವಳಿ ಅರಮನೆಯ ವೈದ್ಯೆ ಗಂಗಜ್ಜಿಯ ಮುಂದೆ ಕೂತಳು. "ಅಜ್ಜಿ, ಅಣ್ಣ ಉಳಿಯೋದಿಲ್ಲವೇ?"

"ಕಿತ್ತ ಜಾಗದಲ್ಲಿ ಒಂದು ತುಣುಕು ಉಳಿದಿದೆ, ಮಗಳೇ. ಎಲ್ಲ ಜೀವಗಳ ಸರವನ್ನೂ ಒಬ್ಬಳೇ ತಾಯಿ ಪೋಣಿಸಿದ್ದು. ಯಾವುದಾದರೂ ಪ್ರಾಣಿಯಲ್ಲಿ ಆ ಸಾಲು ಇದ್ದೇ ಇರುತ್ತದೆ. ಈ ಮಾಯಾಕನ್ನಡಿಯಲ್ಲಿ ಆ ತುಣುಕಿನ ನೆರಳಿದೆ. ಇದನ್ನು ಪ್ರಾಣಿಯ ಮುಂದೆ ಹಿಡಿ, ಅದರ ಸರದಲ್ಲಿ ಹೊಂದುವ ಮಣಿಗಳು ಬೆಳಗುತ್ತವೆ. ಅಲ್ಲೊಂದು ಇಲ್ಲೊಂದು ಬೇರೆಯಾಗಿದ್ದರೆ ಹೆದರಬೇಡ. ನಾಲ್ಕಾರು ಮಾತ್ರ ಹೊಂದಿದರೆ ನಂಬಬೇಡ."

ಹೇಮಾವಳಿ ಕಾಡಿಗೆ ಹೋದಳು. ಮೊದಲು ಹೆಬ್ಬಾವು ಸಿಕ್ಕಿತು. ಕನ್ನಡಿಯಲ್ಲಿ ನಾಲ್ಕು ಮಣಿ ಬೆಳಗಿದವು, ಮುಂದೆ ಬರೀ ಕತ್ತಲೆ. ಆಕಸ್ಮಿಕವೆಂದು ತಿಳಿದು ಮುಂದೆ ನಡೆದಳು.

ಆಮೇಲೆ ಆನೆ ಸಿಕ್ಕಿತು. ಅರ್ಧ ಸಾಲು ಬೆಳಗಿತು. ಅವಳು ಆಸೆಯಿಂದ ಕೇಳಿದಳು: "ಗಜರಾಜ, ಈ ಸಾಲು ನಿನಗೇನು ಮಾಡುತ್ತದೆ?"

"ದಂತ ಬೆಳೆಸುತ್ತದೆ, ತಾಯಿ."

ಅಣ್ಣನ ಗಾಯದಲ್ಲಿ ದಂತ ಮೂಡಿದರೆ? ಅಳುತ್ತಲೇ ಅಲ್ಲಿಂದ ಹೊರಟಳು.

ಕೊನೆಗೆ ಉಳಿದದ್ದು ಮಾಂತ್ರಿಕನ ಗುಹೆ. ಬಾಗಿಲಲ್ಲಿ ಅದೇ ತೋಳ ನಿಂತಿತ್ತು. ಅವಳ ಕೈ ಕತ್ತಿಗೆ ಹೋಯಿತು. ಆದರೆ ತೋಳದ ಮೈತುಂಬ ಮಾಗಿದ ಗಾಯಗಳ ಗುರುತು ಕಂಡಿತು. ಹಲ್ಲು ಕಚ್ಚಿ ಕನ್ನಡಿ ಹಿಡಿದಳು. ಈ ತುದಿಯಿಂದ ಆ ತುದಿಯವರೆಗೆ ಸಾಲು ಬೆಳಗಿತು. ಅಲ್ಲೊಂದು ಇಲ್ಲೊಂದು ಮಣಿ ಮಾತ್ರ ಬೇರೆ.

"ಕೊಲ್ಲಲು ಬಂದೆಯಾ?" ಎಂದಿತು ತೋಳ.

"ಕೊಲ್ಲಬೇಕೆಂದೇ ಅನ್ನಿಸಿತು. ಈಗ ಕೇಳುತ್ತಿದ್ದೇನೆ. ಈ ಸಾಲು ನಿನಗೇನು ಮಾಡುತ್ತದೆ?"

"ಅವನು ದಿನವೂ ಹೊಡೆಯುತ್ತಾನೆ. ಇದು ದಿನವೂ ಗಾಯ ಮಾಗಿಸುತ್ತದೆ."

"ಇದನ್ನು ನೋಡಿಕೊಂಡು ಅಂಥದ್ದೇ ಸಾಲು ಪೋಣಿಸಿಕೊಳ್ಳಲೇ?"

"ಪೋಣಿಸಿಕೊ. ಆದರೆ ಮೊದಲು ನನ್ನ ಕೊರಳಿನ ಮುಳ್ಳು ಕೀಳು. ಅವನ ಮಂತ್ರವೆಲ್ಲ ಅದರಲ್ಲಿದೆ. ಅದಿರುವ ತನಕ ನಾನು ಅವನ ಆಳು."

ಅಣ್ಣನ ರಕ್ತ ಕಂಡಿದ್ದ ಆ ಬಾಯಿಯ ಪಕ್ಕದಲ್ಲೇ ಹೇಮಾವಳಿ ಕೈಯಿಟ್ಟು ಮುಳ್ಳನ್ನು ಕಿತ್ತಳು. ಮಾಂತ್ರಿಕ ಓಡಿ ಬಂದು "ಕಚ್ಚು ಅವಳನ್ನು!" ಎಂದು ಕೂಗಿದ. ತೋಳ ಅವನ ಕಡೆಗೇ ತಿರುಗಿತು. ಮಂತ್ರ ಕಳೆದುಕೊಂಡ ಮಾಂತ್ರಿಕ ಹೊಗೆಯಾಗಿ ಗಾಳಿಯಲ್ಲಿ ಕರಗಿಹೋದ.

ಹೇಮಾವಳಿ ತೋಳದೊಂದಿಗೆ ಅರಮನೆಗೆ ಮರಳಿ, ಕನ್ನಡಿಯಲ್ಲಿ ಕಂಡಂತೆಯೇ ಹೊಸ ಸಾಲು ಪೋಣಿಸಿ ಅಣ್ಣನ ಸರಕ್ಕೆ ಸೇರಿಸಿದಳು. ಗಾಯದ ಅಂಚಿನಲ್ಲಿ ಎಳೆಯ ಚರ್ಮ ಮೂಡಿತು. ಊರವರಿಗೂ ಹಾಗೆಯೇ ಮಾಡಿದಳು.

ರತ್ನಕೇತು ಎದ್ದು ಕೂತ. "ಯಾರ ಸಾಲು ಇದು, ತಂಗಿ?"

"ನಿನ್ನನ್ನು ಕಚ್ಚಿದ ತೋಳದ್ದು, ಅಣ್ಣ."

ಅವನು ಮಾಗಿದ ತೊಡೆಯನ್ನು ಸವರಿಕೊಂಡ. ಆಮೇಲೆ ಕೇಳಿದ: "ಅದಕ್ಕೆ ಹೊಟ್ಟೆಗೆ ಏನಾದರೂ ಕೊಟ್ಟಿರಾ?"

ಅಂದಿನಿಂದ ಶಂಖಪುರಿಯ ಜನ ನೆಮ್ಮದಿಯಾಗಿ ಬಾಳಿದರು. ತೋಳವೂ ಬಾಳಿತು.