ಕೆಲಸ ಬಾರದ ಸೊಸೆ

"ಈ ಸಹಿ ನಿಂದೇ ಅಲ್ವಾ ಅಮ್ಮ?"

ಮಲ್ಲೇಶ ಕಾಗದವನ್ನು ತಾಯಿಯ ಮುಂದೆ ಹಿಡಿದ. ರುದ್ರಾಣಮ್ಮ ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಸಹಿ ಅವರದೇ. ಅದರ ಮೇಲೆ ಬರೆದಿತ್ತು: 'ಸೊಸೆಗೆ ಯಾವ ಕೆಲಸವೂ ಬರುವುದಿಲ್ಲ. ಮನೆ, ಅಂಗಡಿ, ತೋಟ ಎಲ್ಲ ನಾನೇ ನೋಡಿಕೊಳ್ಳುತ್ತೇನೆ.'

"ಇನ್ಶೂರೆನ್ಸಿನವ್ನು ಅಂತ ನಂಗೇನು ಗೊತ್ತು ಮಾರಾಯ? ಮನೆಗೆ ಬಂದೋನಿಗೆ ಕಾಫಿ ಕೊಟ್ಟೆ. ಸೊಸೆ ಹೇಗೆ ಅಂತ ಕೇಳ್ದ. ಎಲ್ರಿಗೂ ಹೇಳೋದೇ ಅವ್ನಿಗೂ ಹೇಳ್ದೆ. ಬರ್ಕೊಂಡು ಸಹಿ ಹಾಕಿ ಅಂದ, ಹಾಕ್ದೆ."

"ಕೆಲಸಾನೇ ಮಾಡದೋಳಿಗೆ ಕೈ ಹೋದ್ರೆ ನಷ್ಟ ಏನು ಅಂತಿದಾರೆ ಅವ್ರು."

ಎಲ್ಲರಿಗೂ ಹೇಳುವುದು ನಿಜವೇ. ಹನ್ನೊಂದು ವರ್ಷದಿಂದ ಆಲ್ದೂರು ಪೇಟೆಯಲ್ಲಿ ಆ ಮಾತು ಕೇಳದ ಕಿವಿಯಿರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು! ಅಡುಗೆಮನೆಯಲ್ಲಿದ್ದ ಸೊಸೆ ನಾಗಶ್ರೀಗೆ ಎಲ್ಲವೂ ಕೇಳಿಸಿತು. ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿ ಬರುವಾಗ ಪ್ರವಾಸಿಗರ ಕಾರು ಗುದ್ದಿ ಅವಳ ಬಲಗೈ ನುಜ್ಜುಗುಜ್ಜಾಗಿತ್ತು. ರಾಡು ಹಾಕಿದರೂ ಬೆರಳು ಮಡಚುತ್ತಿರಲಿಲ್ಲ. ಇನ್ನೊಂದು ಆಪರೇಷನ್ ಬೇಗ ಆಗದಿದ್ದರೆ ಆ ಕೈ ಅಷ್ಟೇ ಎಂದಿದ್ದರು ಡಾಕ್ಟರು. ಒಡವೆಯೆಲ್ಲ ಮೊದಲನೆಯದಕ್ಕೇ ಕರಗಿತ್ತು. ಇನ್ನು ಕಾರಿನ ಇನ್ಶೂರೆನ್ಸ್ ಕಂಪನಿಯ ಮೇಲೆ ಹಾಕಿದ ಕೇಸಿನಲ್ಲಿ ಪರಿಹಾರ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬರೆದದ್ದು ಸುಳ್ಳೆಂದು ಅತ್ತೆಯೇ ಕೋರ್ಟಿನಲ್ಲಿ ಹೇಳಬೇಕು ಎಂದರು ನಾಗಶ್ರೀ ಕಡೆಯ ವಕೀಲರು. ಎಲ್ಲ ನಾನೇ ಎಂದು ಊರಿಡೀ ಬೀಗಿದ ಅತ್ತೆ, ಹಾಗೆ ಹೇಳಿಯಾರೇ? ನಾಗಶ್ರೀಗೆ ನಂಬಿಕೆಯಿರಲಿಲ್ಲ.

ಚಿಕ್ಕಮಗಳೂರಿನ ಕೋರ್ಟಿನಲ್ಲಿ ಕಂಪನಿಯ ವಕೀಲ ಅದೇ ಕಾಗದ ತೋರಿಸಿದ.

"ಸಹಿ ನಿಮ್ಮದೇ ಅಲ್ಲವೇ?"

"ನಂದೇ ಸ್ವಾಮಿ. ಮೇಲೆ ಬರ್ದಿದ್ದು ಸುಳ್ಳು."

"ಸುಳ್ಳು ಯಾಕೆ ಹೇಳಿದಿರಿ?"

ರುದ್ರಾಣಮ್ಮ ಕಟಕಟೆಯ ಕಂಬಿ ಹಿಡಿದುಕೊಂಡರು. ಸೊಸೆಯ ಕಡೆ ನೋಡಲಿಲ್ಲ.

"ಅವ್ಳನ್ನ ಹೊಗಳಿದ್ರೆ ಮನೇಲಿ ನನ್ನ ಜಾಗ ಹೋಗುತ್ತೆ ಅಂತ ಭಯ ಇತ್ತು... ಕಣದಲ್ಲಿ ಕಾಫಿ ಹರವೋಳು ಅವ್ಳು. ಮೋಡ ಬಂದ್ರೆ ಓಡಿ ಟಾರ್ಪಾಲು ಎಳೆಯೋಳು ಅವ್ಳು. ಅಂಗಡೀಲಿ ಅಕ್ಕಿ ತೂಗೋಳೂ ಅವ್ಳೇ, ನನ್ನ ಮಂಡಿಗೆ ಎಣ್ಣೆ ತಿಕ್ಕೋಳೂ ಅವ್ಳೇ. ನಾನು ಮಾಡ್ತಿದ್ದಿದ್ದು ಒಂದೇ ಕೆಲಸ, ಅದು ಸರಿಯಾಗಿಲ್ಲ ಅಂತ ಹೇಳೋದು."

ಯಾರೋ ನಕ್ಕರು. ರುದ್ರಾಣಮ್ಮ ನಗಲಿಲ್ಲ.

"ಈಗ ಆ ಕೈಯಲ್ಲಿ ಒಂದು ಲೋಟ ನಿಲ್ಲಲ್ಲ ಸ್ವಾಮಿ... ನಾನು ಸುಳ್ಳಿ ಅಂತ ಬರ್ಕೊಳ್ಳಿ, ಅವ್ಳ ಪರಿಹಾರ ಕಳೀಬೇಡಿ..."

ನಾಗಶ್ರೀ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಈ ಮಾತನ್ನು ಅಡುಗೆಮನೆಯಲ್ಲಿ ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತಲ್ಲ ಎಂದು ಸಿಟ್ಟೂ ಬಂತು. ಆ ಸಿಟ್ಟಿನ ಜೊತೆಗೇ ವರ್ಷಗಳ ಭಾರವೂ ಇಳಿಯಿತು.

ಮೂರು ತಿಂಗಳಿಗೆ ತೀರ್ಪು ಬಂತು. ನಾಗಶ್ರೀಯನ್ನು ದುಡಿಯುವ ಹೆಂಗಸೆಂದೇ ಪರಿಗಣಿಸಿ, ಆಪರೇಷನ್ ಮುಗಿದು ಮಿಗುವಷ್ಟು ಪರಿಹಾರ ಕೊಡಿಸಿದ್ದರು. ಮಲ್ಲೇಶ ಡಾಕ್ಟರಿಗೆ ಫೋನು ಮಾಡಲು ಹೊರಗೆ ಹೋದಾಗ ಅತ್ತೆ ಸೊಸೆ ಕೋರ್ಟಿನ ಕ್ಯಾಂಟೀನಿನಲ್ಲಿ ಕೂತರು. ಇಡ್ಲಿ ಬಂತು. ನಾಗಶ್ರೀ ಎಡಗೈ ಚಾಚಿದಳು. ರುದ್ರಾಣಮ್ಮ ತಟ್ಟೆಯನ್ನು ತಮ್ಮ ಕಡೆಗೆಳೆದುಕೊಂಡು, ಇಡ್ಲಿ ಮುರಿದು ಚಟ್ನಿಗೆ ಅದ್ದಿ, ತುತ್ತು ಎತ್ತಿ ಹಿಡಿದರು.

"ಎಲ್ರೂ ನೋಡ್ತಿದಾರೆ ಅತ್ತೆ. ನಂಗೆ ಎಡಗೈ ರೂಢಿಯಾಗಿದೆ."

"ರೂಢಿಯಾಗೋದು ಬೇಡ ಮಗಾ. ಬಾಯಿ ತೆಗಿ."

ನಾಗಶ್ರೀ ಬಾಯಿ ತೆರೆದಳು.